ಸೀಟು ಕಡಿಮೆ, ಬೇಡಿಕೆ ಜಾಸ್ತಿ: ಉತ್ತರ ಕನ್ನಡದ ಮಾತು ಸದನ ಮುಟ್ಟಲು ಯಾವ ದಾರಿ ಹಿಡಿಯಬೇಕು?

ವಿಧಾನಸಭೆಯಲ್ಲಿ 224 ಸೀಟು. 2023ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಬಂತು. ನಮ್ಮ ಜಿಲ್ಲೆಯ ಆರರಲ್ಲಿ ಹಳಿಯಾಳ, ಕಾರವಾರ, ಭಟ್ಕಳ, ಶಿರಸಿ ಕಾಂಗ್ರೆಸ್‌ಗೆ ಹೋದವು. ಕುಮಟಾ, ಯಲ್ಲಾಪುರ ಬಿಜೆಪಿಗೆ ಉಳಿದವು. ಕುಮಟಾದಲ್ಲಿ ಜೆಡಿಎಸ್ ಸೋತಿದ್ದು ಏಳುನೂರಕ್ಕೂ ಕಡಿಮೆ ಮತದಿಂದ. ಯಲ್ಲಾಪುರದಲ್ಲಿ ಗೆದ್ದಿದ್ದ ಶಿವರಾಮ ಹೆಬ್ಬಾರರನ್ನು ಬಿಜೆಪಿ 2025ರ ಮೇನಲ್ಲಿ ಉಚ್ಚಾಟಿಸಿತು. ಅಲ್ಲಿಗೆ ವಿರೋಧ ಪಕ್ಷದ ಸಾಲಿನಿಂದ ಎದ್ದು ನಿಂತು ಮಾತಾಡಲು ಇಡೀ ಜಿಲ್ಲೆಗೆ ಉಳಿದಿದ್ದು ಕುಮಟಾ ಒಂದೇ.

ಬೇಡಿಕೆ ಪಟ್ಟಿ ಮಾತ್ರ ಆರು ಕ್ಷೇತ್ರದ್ದೂ ಹಾಗೇ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಅರಣ್ಯ ಅತಿಕ್ರಮಣದಾರರ ಹಕ್ಕು, ಶಿರಸಿ ಪ್ರತ್ಯೇಕ ಜಿಲ್ಲೆ, ಹುಬ್ಬಳ್ಳಿ–ಅಂಕೋಲಾ ರೈಲು, ಅಂಕೋಲಾದ ಕೇಣಿ ಬಂದರು ಬೇಕೋ ಬೇಡವೋ ಎಂಬ ಜಗಳ, ಬೇಡ್ತಿ–ವರದಾ ನದಿ ಜೋಡಣೆ, ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಬಾಚುವುದು), ಅಡಿಕೆಯ ಎಲೆಚುಕ್ಕಿ ರೋಗ. ಪ್ರತಿ ಅಧಿವೇಶನಕ್ಕೂ ಮೊದಲು ಪಕ್ಷದ ಕಾರ್ಯಕರ್ತರು, ಸಂಘದವರು ಇಷ್ಟನ್ನೂ ಒಂದೇ ಮನವಿಯಲ್ಲಿ ತುರುಕಿ ಶಾಸಕರ ಕೈಗೆ ಕೊಡುತ್ತಾರೆ. ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಏನೂ ಆಗುವುದಿಲ್ಲ. ಅದರಲ್ಲಿ ಆಶ್ಚರ್ಯ ಪಡುವಂಥದ್ದೂ ಇಲ್ಲ. ಒಂದೊಂದು ಬೇಡಿಕೆಗೂ ಒಂದೊಂದು ಬಾಗಿಲು. ತಪ್ಪು ಬಾಗಿಲು ತಟ್ಟಿದರೆ ಒಳಗಿದ್ದವರಿಗೆ "ಇದು ನಮ್ಮದಲ್ಲ" ಅನ್ನುವುದು ಬಹಳ ಸುಲಭ.

ಕಡಿಮೆ ಸೀಟಿನ ಪಕ್ಷ ಯಾವುದನ್ನು ಮೊದಲು ಹಿಡಿಯಬೇಕು, ಯಾವ ದಾರಿಯಲ್ಲಿ ಒಯ್ಯಬೇಕು ಅಂತ ಹೋಲಿಸಿ ನೋಡಲು ಇದನ್ನು ಬರೆದಿದ್ದೇನೆ. ಪಕ್ಷ ಯಾವುದಾದರೂ ಲೆಕ್ಕ ಒಂದೇ. ನಾಳೆ ಕಾಂಗ್ರೆಸ್ ವಿರೋಧ ಪಕ್ಷದಲ್ಲಿ ಕೂತರೂ ಇದೇ ಲೆಕ್ಕ.

ಸರ್ಕಾರಕ್ಕೆ ನಿಮ್ಮ ತಲೆ ಎಣಿಕೆ ಬೇಕಾ?

ಸಣ್ಣ ಪಕ್ಷದ ಬಲ ಅದರ ಸೀಟಿನಲ್ಲಿ ಮಾತ್ರ ಇರುವುದಿಲ್ಲ. ಸರ್ಕಾರಕ್ಕೆ ಆ ಸೀಟು ಬೇಕಾ ಅನ್ನುವುದರಲ್ಲಿದೆ. ನಮ್ಮ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದಾಗ ಜನತಾ ಪಕ್ಷದ ಬಳಿ ಇದ್ದಿದ್ದು 95 ಸೀಟು. 18 ಸೀಟಿನ ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿತು. ಆ ಹದಿನೆಂಟಕ್ಕೆ ಆಗ ಬೆಲೆ ಇತ್ತು. 2018ರಲ್ಲಿ 37 ಸೀಟಿನ ಜೆಡಿಎಸ್‌ಗೆ ಮುಖ್ಯಮಂತ್ರಿ ಕುರ್ಚಿಯೇ ಸಿಕ್ಕಿತು. 2023ರ ಹತ್ತೊಂಬತ್ತಕ್ಕೆ ಆ ಭಾಗ್ಯ ಇಲ್ಲ. 135 ಇರುವ ಸರ್ಕಾರಕ್ಕೆ ಯಾರ ಮುಲಾಜೂ ಇಲ್ಲ.

ಹಾಗಾಗಿ "ನಮ್ಮ ಬೇಡಿಕೆ ಒಪ್ಪದಿದ್ದರೆ ನೋಡಿ" ಅನ್ನುವ ದಾರಿ ಇಂಥ ವಿಧಾನಸಭೆಯಲ್ಲಿ ನಡೆಯುವುದಿಲ್ಲ. ಉಳಿಯುವುದು ದಾಖಲೆ ಮಾಡಿಸುವುದು, ತಡೆಯುವುದು, ನಾಚಿಕೆ ಹುಟ್ಟಿಸುವುದು. ಈ ಮೂರರಲ್ಲಿ ಮೊದಲನೆಯದೇ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಲೆಕ್ಕ.

ಇದು ಯಾರ ಕೈಲಿದೆ?

ಸಂವಿಧಾನದ ಏಳನೇ ಪರಿಶಿಷ್ಟದಲ್ಲಿ ಮೂರು ಪಟ್ಟಿಗಳಿವೆ. ಬೇಡಿಕೆಯನ್ನು ಮೊದಲು ಅದರ ಮೇಲಿಟ್ಟು ನೋಡಿ. ಆಸ್ಪತ್ರೆ, ಜಮೀನು, ಮೀನುಗಾರಿಕೆ, ಪಂಚಾಯಿತಿ, ಇವೆಲ್ಲ ರಾಜ್ಯದ ಪಟ್ಟಿ. ರೈಲು, ರಾಷ್ಟ್ರೀಯ ಹೆದ್ದಾರಿ, ನೌಕಾನೆಲೆ ಕೇಂದ್ರದ್ದು. ಅರಣ್ಯ 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ ಹೋಯಿತು. ದೊಡ್ಡ ಬಂದರು ಕೇಂದ್ರದ್ದಾದರೆ ಉಳಿದ ಬಂದರುಗಳೂ ಸಮವರ್ತಿ ಪಟ್ಟಿಯಲ್ಲೇ ಇವೆ.

ಹುಬ್ಬಳ್ಳಿ–ಅಂಕೋಲಾ ರೈಲಿನ ಬಗ್ಗೆ ವಿಧಾನಸಭೆಯಲ್ಲಿ ಗಂಟೆಗಟ್ಟಲೆ ಮಾತಾಡಿದರೂ ಹಳಿ ಬೀಳುವುದಿಲ್ಲ. ಹೆಚ್ಚೆಂದರೆ ಒಂದು ನಿರ್ಣಯ ಆಗಬಹುದು. 2024ರ ಜುಲೈ 25ರಂದು ವಿಧಾನಸಭೆ ನೀಟ್, ಒಂದು ದೇಶ ಒಂದು ಚುನಾವಣೆ, ಕ್ಷೇತ್ರ ಮರುವಿಂಗಡಣೆಯ ವಿರುದ್ಧ ನಿರ್ಣಯ ಪಾಸು ಮಾಡಿತು. ಸರ್ಕಾರವೇ ಮುಂದೆ ನಿಂತು ಮಾಡಿದ ಆ ನಿರ್ಣಯಗಳೂ ಕೇಂದ್ರವನ್ನು ಕಟ್ಟಿಹಾಕಲಾರವು. ಒಬ್ಬ ವಿರೋಧ ಪಕ್ಷದ ಶಾಸಕರ ಮಾತಿನ ಕಥೆ ಇನ್ನೇನು? ರೈಲನ್ನು ಸಂಸದರಿಗೆ ಬಿಡಿ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಸುಮ್ನೆ "ಕೇಂದ್ರದ್ದು" ಅಂತ ಬದಿಗಿಡಬೇಡಿ. ಅರಣ್ಯ ಹಕ್ಕು ಕಾಯ್ದೆ 2006 ಸಂಸತ್ತಿನ ಕಾನೂನು. ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು ಅನ್ನುವ ಷರತ್ತನ್ನು ಬೆಂಗಳೂರಿನಲ್ಲಿ ಕೂತು ತೆಗೆಯಲು ಬರುವುದಿಲ್ಲ. ನಮ್ಮ ಜಿಲ್ಲೆಯ ಸಾವಿರಾರು ಅರ್ಜಿಗಳು ಎಡವಿ ಬಿದ್ದಿದ್ದು ಬಹುಪಾಲು ಇದೇ ಷರತ್ತಿಗೆ. ಆದರೆ ಅರ್ಜಿ ನೋಡುವವರು ಯಾರು? ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾಧಿಕಾರಿಯ ಸಮಿತಿ. ಎಲ್ಲ ರಾಜ್ಯದ ಆಡಳಿತ. "ಕಾಯ್ದೆ ಬದಲಿಸಿ" ಅಂತ ಸದನದಲ್ಲಿ ಕೂಗುವುದು ವ್ಯರ್ಥ. "ತಿರಸ್ಕರಿಸಿದ ಅರ್ಜಿದಾರರಲ್ಲಿ ಎಷ್ಟು ಜನರಿಗೆ ಲಿಖಿತ ಕಾರಣ ಕೊಟ್ಟಿದ್ದೀರಿ?" ಅಂತ ಕೇಳುವುದು ಸಾರ್ಥಕ. ಕುಮಟಾ–ಶಿರಸಿ ಹೆದ್ದಾರಿಗೂ ಹೀಗೆಯೇ. ರಸ್ತೆ ಕೇಂದ್ರದ್ದು. ಭೂಸ್ವಾಧೀನ, ಪರಿಹಾರ, ಗುಡ್ಡ ಕುಸಿದಾಗ ಜನರನ್ನು ಎಬ್ಬಿಸಿ ಕರೆದೊಯ್ಯುವುದು ರಾಜ್ಯದ ಅಧಿಕಾರಿಗಳ ಕೆಲಸ.

ಬೇಕಾಗಿರುವುದು ಕಾನೂನಾ, ದುಡ್ಡಾ, ಆದೇಶವಾ?

ಶಿರಸಿ ಜಿಲ್ಲೆ ಆಗಬೇಕು ಅನ್ನುವವರು ಇದನ್ನು ಗಮನಿಸಬೇಕು. ಹೊಸ ಜಿಲ್ಲೆಗೆ ಹೊಸ ಕಾಯ್ದೆ ಬೇಕಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಆಯಿತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಶಿರಸಿ ಈಗಾಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಹಾಗಿರುವಾಗ "ಪ್ರತ್ಯೇಕ ಜಿಲ್ಲೆಗೆ ಮಸೂದೆ ತರುತ್ತೇವೆ" ಅಂತ ಯಾವುದೇ ಪಕ್ಷ ಹೇಳಿದರೆ ಅದು ಚಪ್ಪಾಳೆಯ ಮಾತು. ಇದು ಸಂಪುಟದ ತೀರ್ಮಾನ, ಅದರ ಹಿಂದೆ ಹೊಸ ಕಚೇರಿಗಳ ಖರ್ಚು. ಇದನ್ನು ತಳ್ಳಬೇಕಾದವರು ಆಡಳಿತ ಪಕ್ಷದ ಶಾಸಕರು. ವಿರೋಧ ಪಕ್ಷ ತನ್ನ ಸಮಯವನ್ನು ಇದಕ್ಕೆ ಸುರಿಯುವುದು ನಷ್ಟದ ವ್ಯಾಪಾರ ಅಂತ ನನಗನಿಸುತ್ತದೆ. ಘಟ್ಟದ ಮೇಲಿನ ಸ್ನೇಹಿತರು ಬೈಯಬಹುದು, ಬೈಯಲಿ.

ಆಸ್ಪತ್ರೆಗೆ ಕಾನೂನೂ ಬೇಡ, ಬರೀ ಆದೇಶವೂ ಸಾಲದು. ದುಡ್ಡು ಬೇಕು, ವೈದ್ಯರು ಬೇಕು. ಲೈಟ್ ಫಿಶಿಂಗ್ ದಂಡ ಹೆಚ್ಚಿಸಲು ಕಾನೂನು ತಿದ್ದುಪಡಿ ಬೇಕು.

ಪ್ರಶ್ನೆ: ಬಡವರ ಅಸ್ತ್ರ, ಆದರೆ ಒಳ್ಳೆಯದು

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಉಪಪ್ರಶ್ನೆಗೂ ಅವಕಾಶ ಇದೆ. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಅಷ್ಟೆ. ಎಲ್ಲರಿಗೂ ಮೊದಲನೆಯದೇ ಬೇಕು, ಯಾಕಂದರೆ ಅದು ಟಿವಿಯಲ್ಲಿ ಬರುತ್ತದೆ. ಆದರೆ ಪಟ್ಟಿಯಲ್ಲಿ ಮೇಲೆ ಬರದಿದ್ದರೆ, ಅಥವಾ ಆವತ್ತು ಗದ್ದಲ ಎದ್ದರೆ, ಉಪಪ್ರಶ್ನೆ ಕೇಳುವ ಅವಕಾಶ ಹೋಯಿತು. ಅಂಕಿ-ಅಂಶ ಬೇಕಾದವರಿಗೆ ಚುಕ್ಕೆ ರಹಿತವೇ ಸಾಕು. ಗದ್ದಲ ಎದ್ದರೂ ಉತ್ತರದ ಹಾಳೆ ಬರುತ್ತದೆ.

ಪ್ರಶ್ನೆ ಬರೆಯುವುದರಲ್ಲೇ ಎಲ್ಲ ಇದೆ. ಸಾಮಾನ್ಯವಾಗಿ ಬರೆಯುವುದು ಹೀಗೆ:

(ಅ) ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಇಂಥದ್ದಕ್ಕೆ ಉತ್ತರ ಏನು ಬರುತ್ತದೆ ಅಂತ ಈ ಉತ್ತರಗಳನ್ನು ಓದಿದವರಿಗೆ ಬಾಯಿಪಾಠ. (ಅ) ಬಂದಿದೆ. (ಆ) ಪರಿಶೀಲನೆಯಲ್ಲಿದೆ. ಮುಗೀತು. ಒಂದು ಅಧಿವೇಶನ ಹೋಯಿತು.

ಅದನ್ನೇ ಹೀಗೆ ಬರೆಯಬಹುದು:

(ಅ) ಆಸ್ಪತ್ರೆಗೆ ಗುರುತಿಸಿದ ಜಾಗದ ಸರ್ವೆ ನಂಬರ್ ಯಾವುದು? ಪಹಣಿಯಲ್ಲಿ ಅದು ಯಾರ ಹೆಸರಲ್ಲಿದೆ?
(ಆ) ವಿಸ್ತೃತ ಯೋಜನಾ ವರದಿ ಯಾವ ದಿನಾಂಕದಂದು ಆರ್ಥಿಕ ಇಲಾಖೆಗೆ ಹೋಗಿದೆ? ಆರ್ಥಿಕ ಇಲಾಖೆ ಏನು ಬರೆದು ಕಡತ ಹಿಂತಿರುಗಿಸಿದೆ?
(ಇ) ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಹೃದಯ, ನರರೋಗ ವಿಭಾಗಕ್ಕೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು?
(ಈ) ಕಳೆದ ಮೂರು ವರ್ಷದಲ್ಲಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಿಂದ ಹೊರಜಿಲ್ಲೆಗೆ, ಹೊರರಾಜ್ಯಕ್ಕೆ ಕಳಿಸಿದ ರೋಗಿಗಳೆಷ್ಟು? ತಾಲ್ಲೂಕುವಾರು ವಿವರ ಕೊಡಿ.

ಇದಕ್ಕೆ "ಪರಿಶೀಲನೆಯಲ್ಲಿದೆ" ಅಂತ ಬರೆದು ಜಾರಿಕೊಳ್ಳಲು ಆಗುವುದಿಲ್ಲ. ಯಾರೋ ಗುಮಾಸ್ತರು ಕಡತ ತೆಗೆಯಲೇಬೇಕು. ಕಡತ ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಆಂಬುಲೆನ್ಸ್‌ನಲ್ಲಿ ಓಡುವುದು ನಮಗೆ ಹೊಸದಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಆಗ ಎದ್ದ ಸಿಟ್ಟಿಗೆ ಭರವಸೆಗಳು ಸಾಲುಸಾಲಾಗಿ ಬಂದವು. ಆಮೇಲೆ ಸರ್ಕಾರ ಬದಲಾಯಿತು, ಭರವಸೆ ಕೊಡುವವರ ಹೆಸರೂ ಬದಲಾಯಿತು.

ಇಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಬಾಗಿಲಿದೆ: ಭರವಸೆಗಳ ಸಮಿತಿ. ಮಂತ್ರಿ ಸದನದೊಳಗೆ "ಮಾಡುತ್ತೇವೆ" ಅಂದರೆ ಅದು ಈ ಸಮಿತಿಯ ಲೆಕ್ಕಕ್ಕೆ ಬರುತ್ತದೆ. ಎರಡೂ ಸದನಕ್ಕೆ ಬೇರೆ ಬೇರೆ ಸಮಿತಿ ಇದೆ. ಅದು ಇಲಾಖೆಯನ್ನು ಕರೆದು "ಏನಾಯ್ತು?" ಅಂತ ಕೇಳಬಹುದು. ಕುಮಟಾದ ವೇದಿಕೆಯ ಮೇಲೆ ಮೈಕ್ ಹಿಡಿದು ಕೊಟ್ಟ ಮಾತಿಗೆ ಈ ಕಟ್ಟುಪಾಡು ಇಲ್ಲ. ಅದಕ್ಕೇ ಸಭೆ-ಸಮಾರಂಭದ ಭರವಸೆಗಿಂತ ಸದನದ ಒಂದು ಸಾಲಿನ ಲಿಖಿತ ಉತ್ತರಕ್ಕೆ ತೂಕ ಜಾಸ್ತಿ.

ಶೂನ್ಯವೇಳೆಯೋ, ಗಮನ ಸೆಳೆಯುವ ಸೂಚನೆಯೋ, ನಿಲುವಳಿಯೋ?

ಶೂನ್ಯವೇಳೆಯಲ್ಲಿ ಎರಡು ಮಾತಾಡಬಹುದು. ಸ್ಥಳೀಯ ಪತ್ರಿಕೆಯಲ್ಲಿ ಮರುದಿನ ಸುದ್ದಿ ಬರುತ್ತದೆ. ಮಂತ್ರಿ ಆಗಲೇ ಉತ್ತರ ಕೊಡಬೇಕೆಂದಿಲ್ಲ. ಕ್ಷೇತ್ರದಲ್ಲಿ ಮುಖ ತೋರಿಸಲು ಇದು ಸಾಕು, ಕೆಲಸ ಮಾಡಿಸಲು ಸಾಲದು.

ಗಮನ ಸೆಳೆಯುವ ಸೂಚನೆಯ ದರ್ಜೆ ಇದಕ್ಕಿಂತ ಮೇಲೆ. ಒಂದೇ ವಿಷಯ, ಮಂತ್ರಿಯ ಹೇಳಿಕೆ ಖಚಿತ. ಎಲೆಚುಕ್ಕಿ ರೋಗ, ಮಳೆಗಾಲದ ಕಡಲ್ಕೊರೆತ, ನಾಡದೋಣಿಯವರ ಸೀಮೆಎಣ್ಣೆ ಇಂಥವಕ್ಕೆ ಇದು ಸರಿಯಾದ ಅಳತೆ.

ನಿಲುವಳಿ ಸೂಚನೆ ದೊಡ್ಡದು. ಉಳಿದೆಲ್ಲ ಕಲಾಪ ಬದಿಗಿಟ್ಟು ಇದನ್ನೇ ಚರ್ಚಿಸಿ ಅನ್ನುವ ಕೋರಿಕೆ. ವಿಧಾನಸಭೆಯಲ್ಲಿ ಇದು ನಿಯಮ 60. ಸಭಾಧ್ಯಕ್ಷರು ಸಾಮಾನ್ಯವಾಗಿ "ನಿಯಮ 69ರಲ್ಲಿ ಕೊಡ್ತೀನಿ" ಅಂತ ಚರ್ಚೆಗೆ ಬದಲಿಸುತ್ತಾರೆ. ಅದೇನೂ ಸೋಲಲ್ಲ. ಚರ್ಚೆ ಸಿಕ್ಕಿತಲ್ವಾ?

ತೊಂದರೆ ಇರುವುದು ಪಕ್ಷದೊಳಗೆ. 2024ರ ಮಳೆಗಾಲದ ಅಧಿವೇಶನ ಜುಲೈ 15ಕ್ಕೆ ಶುರುವಾಯಿತು. ಮರುದಿನ, ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಬಿದ್ದು, ಜನ ಗಂಗಾವಳಿ ಪಾಲಾದರು. ಹೊಸದಾಗಿ, ತುರ್ತಾಗಿ ಆದ ಸಾರ್ವಜನಿಕ ಮಹತ್ವದ ವಿಷಯ ಅನ್ನಲು ಇದಕ್ಕಿಂತ ಇನ್ನೇನು ಬೇಕು? ಶಿರೂರಿನ ಮಾತು ಸದನದಲ್ಲಿ ಬಂತು. ಆದರೆ ಆ ಅಧಿವೇಶನದ ಹೆಚ್ಚಿನ ಹೊತ್ತನ್ನು ವಾಲ್ಮೀಕಿ ನಿಗಮದ ಹಣ, ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ಗಲಾಟೆ ನುಂಗಿತು. ರಾಜ್ಯಮಟ್ಟದ ಪಕ್ಷಕ್ಕೆ ಅದರದೇ ಆದ್ಯತೆ ಇರುತ್ತದೆ, ಮುಖ್ಯಮಂತ್ರಿಯ ಕುರ್ಚಿ ಅಲ್ಲಾಡಿಸುವ ವಿಷಯವೇ ಮೊದಲು. ಕರಾವಳಿಯ ಒಬ್ಬ ಶಾಸಕರು ಪಕ್ಷದ ಸಭೆಯಲ್ಲಿ ಗೆದ್ದರಷ್ಟೇ ಸದನದಲ್ಲಿ ಮಾತು. ಜಿಲ್ಲೆಯ ಕಾರ್ಯಕರ್ತರು ಒತ್ತಡ ಹಾಕಬೇಕಾಗಿರುವುದು ಮೊದಲು ತಮ್ಮದೇ ಪಕ್ಷದ ಮೇಲೆ. (ಬೈಂದೂರಿನ ಶಿರೂರು ಬೇರೆ, ಅಂಕೋಲಾದ ಶಿರೂರು ಬೇರೆ. ಸೂಚನೆ ಬರೆಯುವಾಗ ತಾಲ್ಲೂಕಿನ ಹೆಸರು ಹಾಕಲು ಮರೆಯಬೇಡಿ.)

ಖಾಸಗಿ ಮಸೂದೆ ತರಬೇಕಾ?

ಮಂತ್ರಿಯಲ್ಲದ ಯಾವ ಶಾಸಕರೂ ಮಸೂದೆ ತರಬಹುದು. ಪಾಸಾಗುವ ಆಸೆ ಇಟ್ಟುಕೊಳ್ಳಬೇಡಿ. ಸಂಸತ್ತಿನಲ್ಲೇ ಇಷ್ಟು ವರ್ಷದಲ್ಲಿ ಪಾಸಾಗಿದ್ದು 14, ಕೊನೆಯದು 1970ರಲ್ಲಿ. ಆದರೆ ಪಾಸಾಗದ ಮಸೂದೆಯೂ ಕೆಲವೊಮ್ಮೆ ಕೆಲಸ ಮಾಡುತ್ತದೆ. ತಿರುಚ್ಚಿ ಶಿವಾ ತಂದ ಲಿಂಗತ್ವ ಅಲ್ಪಸಂಖ್ಯಾತರ ಮಸೂದೆಯನ್ನು 2015ರಲ್ಲಿ ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಅದು ಮುಂದೆ ಹೋಗಲಿಲ್ಲ. ಕೇಂದ್ರ ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು.

ಖರ್ಚಿನ ವಿಷಯಕ್ಕೆ ಈ ದಾರಿ ಬಂದ್. ರಾಜ್ಯದ ಸಂಚಿತ ನಿಧಿಯಿಂದ ಹಣ ಹೋಗುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸು ಇಲ್ಲದೆ ಪಾಸು ಮಾಡುವಂತಿಲ್ಲ ಅಂತ ಸಂವಿಧಾನದ 207ನೇ ವಿಧಿ ಹೇಳುತ್ತದೆ. ರಾಜ್ಯಪಾಲರು ನಡೆಯುವುದು ಸಂಪುಟದ ಸಲಹೆಯಂತೆ. ಆಸ್ಪತ್ರೆಗೆ ಖಾಸಗಿ ಮಸೂದೆ ಅನ್ನುವುದು ಅದಕ್ಕೇ ಅರ್ಥವಿಲ್ಲದ್ದು.

ಲೈಟ್ ಫಿಶಿಂಗ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986 ರಾಜ್ಯದ್ದೇ. ತೀರದಿಂದ ಹನ್ನೆರಡು ನಾಟಿಕಲ್ ಮೈಲಿವರೆಗೆ ರಾಜ್ಯದ ಮಾತು ನಡೆಯುತ್ತದೆ. ಜೂನ್ 1ರಿಂದ ಜುಲೈ 31ರ ನಿಷೇಧ ಮುಗಿದು ಬೋಟ್‌ಗಳು ಇಳಿದ ಮೇಲೆ ಲೈಟ್ ಹಾಕಿ ಮರಿಮೀನನ್ನೂ ಬಾಚುವ ಜಗಳ ಪ್ರತಿ ವರ್ಷ ಇದ್ದದ್ದೇ. ದಂಡ ಹೆಚ್ಚಿಸಿ, ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ರದ್ದು ಮಾಡಿ ಅನ್ನುವ ಎರಡು ಪುಟದ ತಿದ್ದುಪಡಿ ಬರೆಯುವುದು ಕಷ್ಟ ಅಲ್ಲ. ಬೊಕ್ಕಸಕ್ಕೆ ಖರ್ಚೂ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ನಾಡದೋಣಿಯವರು ಚಪ್ಪಾಳೆ ತಟ್ಟಿದರೆ ದೊಡ್ಡ ಬಲೆ ಬೀಸುವ ಪರ್ಸೀನ್ ಬೋಟಿನವರು ಮುಖ ತಿರುಗಿಸುತ್ತಾರೆ. ಎರಡೂ ಕಡೆ ಮತ ಇದೆ, ಚುನಾವಣೆ ಖರ್ಚಿಗೆ ದುಡ್ಡು ಹೆಚ್ಚು ಒಂದೇ ಕಡೆ ಇದೆ. ಯಾವ ಪಕ್ಷವೂ ಈ ಮಸೂದೆಯ ಬಗ್ಗೆ ಉತ್ಸಾಹ ತೋರಿಸದಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಮೇಲ್ಮನೆ ಮರೆಯಬೇಡಿ

ವಿರೋಧ ಪಕ್ಷಕ್ಕೆ ವಿಧಾನಸಭೆಯಲ್ಲಿ ಸಿಗದ ಬಲ ಕೆಲವೊಮ್ಮೆ 75 ಸದಸ್ಯರ ಪರಿಷತ್ತಿನಲ್ಲಿ ಸಿಗುತ್ತದೆ. 2023ರ ಜುಲೈನಲ್ಲಿ ಎಪಿಎಂಸಿ (ಕೃಷಿ ಮಾರುಕಟ್ಟೆ) ತಿದ್ದುಪಡಿ ಮಸೂದೆಯನ್ನು ವಿಧಾನಸಭೆ ಪಾಸು ಮಾಡಿತು. 2020ರಲ್ಲಿ ಮಾರುಕಟ್ಟೆ ಅಂಗಳದ ಹೊರಗೆ ವ್ಯಾಪಾರ ಬಿಟ್ಟುಕೊಟ್ಟಿದ್ದನ್ನು ವಾಪಸ್ ಪಡೆಯುವ ಮಸೂದೆ ಅದು. ಪರಿಷತ್ತಿನಲ್ಲಿ ಆಗ ಕಾಂಗ್ರೆಸ್‌ಗೆ ಬಹುಮತ ಇರಲಿಲ್ಲ. ಮಸೂದೆ ಆಯ್ಕೆ ಸಮಿತಿಗೆ, ಅಂದರೆ ಅದನ್ನು ಕೂಲಂಕಷವಾಗಿ ನೋಡುವ ಸದಸ್ಯರ ಸಮಿತಿಗೆ ಹೋಯಿತು. 2024ರ ಫೆಬ್ರವರಿ 23ರಂದು ಮುಜರಾಯಿ ತಿದ್ದುಪಡಿ ಮಸೂದೆ ಅಲ್ಲಿ ಬಿದ್ದೇ ಹೋಯಿತು. ಶಿರಸಿ, ಸಿದ್ದಾಪುರದ ಅಡಿಕೆ ಟೆಂಡರ್ ಅಂಗಳಕ್ಕೆ ದಿನಾ ಹೋಗುವವರಿಗೆ ಎಪಿಎಂಸಿ ಮಸೂದೆಯ ಒಂದೊಂದು ಸಾಲೂ ದರಕ್ಕೆ ತಾಗುವ ವಿಷಯ. ಆಯ್ಕೆ ಸಮಿತಿ ಅಂದರೆ ಸಹಕಾರಿ ಸಂಘದವರು ಲಿಖಿತವಾಗಿ ಅಭಿಪ್ರಾಯ ಕಳಿಸಿ ಮಾತು ಹೊಗಿಸಲು ಒಂದು ಅವಕಾಶ.

ಪರಿಷತ್ತು ತಡ ಮಾಡಬಹುದು, ಶಾಶ್ವತವಾಗಿ ತಡೆಯಲಾರದು. ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸು ಮಾಡಿದರೆ ಒಂದು ತಿಂಗಳು. ಹಣಕಾಸು ಮಸೂದೆಗೆ ಬರೀ 14 ದಿನ. ಅಷ್ಟರಲ್ಲಿ ಜನರ ಅಭಿಪ್ರಾಯ ಕೂಡಿಸಲು ಆದರೆ ಸರಿ. ಮತ್ತೆ ನಮ್ಮ ಜಿಲ್ಲೆ ಪಶ್ಚಿಮ ಪದವೀಧರ, ಪಶ್ಚಿಮ ಶಿಕ್ಷಕರ ಕ್ಷೇತ್ರಗಳಿಗೂ ಸೇರಿದೆ. ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರು ಬೇರೆ ಇದ್ದಾರೆ. ಮನವಿ ಹಿಡಿದು ಇವರ ಮನೆಗೆ ಹೋಗುವವರು ಕಡಿಮೆ. ಹೋದರೆ ಕೂರಿಸಿ ಮಾತಾಡಲು ಅವರಿಗೆ ಪುರುಸೊತ್ತು ಶಾಸಕರಿಗಿಂತ ಜಾಸ್ತಿ.

ಬಾವಿಗೆ ಇಳಿಯುವುದು

ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ಇಳಿದು ಗದ್ದಲ ಮಾಡಿದರೆ ಫೋಟೊ ಸಿಗುತ್ತದೆ, ಪ್ರಶ್ನೋತ್ತರ ಹೋಗುತ್ತದೆ. 2025ರ ಮಾರ್ಚ್ 21ರಂದು ಬಿಜೆಪಿಯ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಮೇನಲ್ಲಿ ಅದು ವಾಪಸಾಯಿತು, ಆ ಮಾತು ಬೇರೆ. ಅಮಾನತು ಸರಿಯೋ ತಪ್ಪೋ ಅನ್ನುವ ವಾದ ಅವರವರಿಗೆ ಬಿಟ್ಟಿದ್ದು. ಅರವತ್ತಾರು ಗೆದ್ದ ಪಕ್ಷ ಹದಿನೆಂಟು ಜನರನ್ನು ಹೊರಗಿಟ್ಟುಕೊಂಡು ಹೇಗೋ ನಡೆಸಬಹುದು. ಒಬ್ಬರೇ ಇರುವ ಜಿಲ್ಲೆ ಆ ಒಬ್ಬರನ್ನು ಕಳೆದುಕೊಂಡರೆ ಕೇಳುವವರೇ ಇಲ್ಲ.

ನನ್ನ ಆಯ್ಕೆ

ಒಂದು ವರ್ಷಕ್ಕೆ ಮೂರೇ ಸಾಕು. ಆಸ್ಪತ್ರೆಗೆ ಮೇಲೆ ಬರೆದಂಥ ಪ್ರಶ್ನೆ, ಪ್ರತಿ ಅಧಿವೇಶನದಲ್ಲೂ, ಹಿಂದಿನ ಉತ್ತರದ ದಿನಾಂಕ ಹಾಕಿ. ಅರಣ್ಯ ಹಕ್ಕಿಗೆ ಚುಕ್ಕೆ ರಹಿತ ಪ್ರಶ್ನೆಯಲ್ಲಿ ತಾಲ್ಲೂಕುವಾರು ಅಂಕಿ ತೆಗೆದು, ಅದನ್ನು ಹಿಡಿದು ಸದನದ ಅರ್ಜಿಗಳ ಸಮಿತಿಗೆ. ಅರ್ಜಿಯನ್ನು ಶಾಸಕರೊಬ್ಬರ ಮೂಲಕ ಕೊಡಬೇಕು, ಬರೆಯುವವರು ನಾವೇ ಆಗಬಹುದು. ಮೂರನೆಯದು ಲೈಟ್ ಫಿಶಿಂಗ್ ತಿದ್ದುಪಡಿ, ಧೈರ್ಯ ಇರುವ ಶಾಸಕರು ಸಿಕ್ಕಿದರೆ. ಸಿಗದಿದ್ದರೆ ಆ ಜಾಗಕ್ಕೆ ಶಿರೂರಿನಂಥ ಗುಡ್ಡಗಳ ಅಪಾಯದ ಬಗ್ಗೆ ಗಮನ ಸೆಳೆಯುವ ಸೂಚನೆ. ಅದನ್ನು ಮಳೆಗಾಲಕ್ಕೆ ಮೊದಲೇ ಕೊಡಬೇಕು. ಬೀದಿದೀಪ, ಕಾಲುಸಂಕ, ಬಸ್ ಓಡಾಟ ಇಂಥವನ್ನು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ಬಿಡಿ.

ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದರೆ ಕಾರವಾರಕ್ಕೂ ಶಿರಸಿಗೂ ಬೆಂಗಳೂರಿಗಿಂತ ಅದೇ ಹತ್ತಿರ. ಹೊರಗೆ ಟೆಂಟ್ ಹಾಕಿ ಧರಣಿ ಕೂರಲು ಎಲ್ಲರೂ ಹೋಗುತ್ತಾರೆ. ಪ್ರಶ್ನೆಯ ಹಾಳೆ ಮಾತ್ರ ಅಧಿವೇಶನಕ್ಕೆ ಎರಡು-ಮೂರು ವಾರ ಮೊದಲೇ ಶಾಸಕರ ಆಪ್ತ ಸಹಾಯಕರ ಕೈಲಿರಬೇಕು. ಸರ್ವೆ ನಂಬರ್ ಹುಡುಕಿ, ಪಹಣಿ ಪ್ರತಿ ಲಗತ್ತಿಸಿ ಕೊಟ್ಟರೆ ಅವರೇ ಖುಷಿಯಿಂದ ಟೈಪ್ ಮಾಡಿಸುತ್ತಾರೆ.